ಕಾಗೋಡಿನಿಂದ ಹಸಿರು ಶಾಲಿನವರೆಗೆ

ಸಾಗರ ತಾಲ್ಲೂಕಿನ ಗೇಣಿದಾರರನ್ನು ಒಗ್ಗೂಡಿಸಿದ್ದು ಭತ್ತ ಅಳೆಯುವ ಕೊಳಗ. ಗೇಣಿಯ ಭತ್ತವನ್ನು ಭೂಮಾಲೀಕರು ಅಳೆದುಕೊಳ್ಳುತ್ತಿದ್ದ ಕೊಳಗದ ಗಾತ್ರ ನ್ಯಾಯವಾದುದಕ್ಕಿಂತ ದೊಡ್ಡದೆಂಬುದು ದೀವರ ಸಮುದಾಯದ ಒಕ್ಕಲುಗಳ ತಕರಾರು. ಎಚ್. ಗಣಪತಿಯಪ್ಪ ಅವರು ರೈತ ಸಂಘ ಕಟ್ಟಿ ಈ ತಕರಾರಿಗೆ ದನಿ ಕೊಟ್ಟರು. 1951ರಲ್ಲಿ ಅದು ತಾಲ್ಲೂಕಿನ ಕಾಗೋಡು ಗ್ರಾಮದ ಹೆಸರಿನ ಕಾಗೋಡು ಸತ್ಯಾಗ್ರಹವಾಯಿತು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬ ಬೇಡಿಕೆಗೆ ಪೂರ್ಣ ಪ್ರಮಾಣದ ಕಾನೂನಿನ ಬಲ ಸಿಕ್ಕಿದ್ದು ದೇವರಾಜ ಅರಸು ಅವರ ಕಾಲದಲ್ಲಿ, 1974ರ ಭೂ ಸುಧಾರಣೆಯಿಂದ.

ಭೂಮಿ ಕೈಗೆ ಬಂದ ಮೇಲೆ ರೈತನ ಜಗಳ ಧಣಿಯ ಜೊತೆಗಿಂತ ಸರ್ಕಾರ ಮತ್ತು ಮಾರುಕಟ್ಟೆಯ ಜೊತೆ ಹೆಚ್ಚಾಯಿತು. ಇದು ಎಲ್ಲಕ್ಕಿಂತ ಗಟ್ಟಿಯಾಗಿ ಕಂಡದ್ದು ಮಲಪ್ರಭಾ ಅಚ್ಚುಕಟ್ಟಿನಲ್ಲಿ. ನವಿಲುತೀರ್ಥದ ಅಣೆಕಟ್ಟು ಕಟ್ಟಿದ ಸರ್ಕಾರ ನೀರಿನ ಕರದ ಜೊತೆಗೆ, ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಅಭಿವೃದ್ಧಿ ಕರವನ್ನೂ ಹೇರಿತು. ಕಾಲುವೆಯ ನೀರು ಸರಿಯಾಗಿ ತಲುಪದ ಹೊಲಗಳಿಗೂ ಕರ ಬಂತು. ಹತ್ತಿಯ ಬೆಲೆಯೂ ಬಿದ್ದಿತ್ತು. ಬಾರದ ನೀರಿಗೆ ಹಣ ಕೇಳಿದ್ದು ಅನ್ಯಾಯವೇ ಸರಿ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಬಂಡಾಯ ಸಿಡಿಯಿತು. ಗೋಲಿಬಾರಿನಲ್ಲಿ ರೈತರು ಸತ್ತರು, ಜನರ ಆಕ್ರೋಶಕ್ಕೆ ಪೊಲೀಸರೂ ಬಲಿಯಾದರು. ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನವೆಂದು ಆಚರಿಸಲಾಗುತ್ತದೆ.

ಅತ್ತ ಶಿವಮೊಗ್ಗದಲ್ಲಿ ಕಬ್ಬು ಬೆಳೆಗಾರರು ಆಗಲೇ ಸಂಘಟಿತರಾಗಿದ್ದರು. ಬಂಡಾಯದ ಕಾವಿನಲ್ಲಿ ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಎಂ.ಡಿ. ನಂಜುಂಡಸ್ವಾಮಿ ಅದರ ಮೊದಲ ಸಾಲಿನವರು. ಇವರಲ್ಲಿ ಹಲವರು ಲೋಹಿಯಾ ಚಿಂತನೆಯಲ್ಲಿ ಬೆಳೆದವರಾದ್ದರಿಂದ ಕಾಗೋಡಿನ ನಂಟು ಹಾಗೆಯೇ ಉಳಿಯಿತು.

ಸಂಘದ ಬಲವಿದ್ದದ್ದು ಗ್ರಾಮ ಘಟಕಗಳಲ್ಲಿ. ಅನುಮತಿಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದೆಂಬ ಫಲಕಗಳು ಊರ ಬಾಗಿಲಲ್ಲಿ ಎದ್ದವು. ಸಾಲ ವಸೂಲಿಗೆಂದು ಜಪ್ತಿ ಮಾಡಿದ ಸಾಮಾನುಗಳನ್ನು ರೈತರು ಗುಂಪಾಗಿ ಹೋಗಿ ವಾಪಸು ತಂದರು. ಅದಕ್ಕೆ ಮರುಜಪ್ತಿ ಎಂದು ಹೆಸರಾಯಿತು. ಕಚೇರಿಯ ಮೆಟ್ಟಿಲ ಬಳಿ ಕೈಕಟ್ಟಿ ನಿಲ್ಲುತ್ತಿದ್ದ ರೈತ ಸಂಘದ ಗುರುತಾದ ಹಸಿರು ಶಾಲು ಹೊದ್ದು ಒಳಗೆ ಹೋಗಿ ಲೆಕ್ಕ ಕೇಳತೊಡಗಿದ. ಸಂಘ ಗಳಿಸಿಕೊಟ್ಟದ್ದರಲ್ಲಿ ಈ ಧೈರ್ಯವೇ ದೊಡ್ಡದು. ಸರಳ ವಿವಾಹಗಳನ್ನೂ ಸಂಘ ನಡೆಸಿತು.

ತೊಂಬತ್ತರ ದಶಕದಲ್ಲಿ ಹೋರಾಟ ಬಿತ್ತನೆ ಬೀಜದ ಹಕ್ಕಿಗೆ ತಿರುಗಿತು. 1992ರ ಡಿಸೆಂಬರಿನಲ್ಲಿ ಕಾರ್ಯಕರ್ತರು ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟರು. ಕುಲಾಂತರಿ ಹತ್ತಿಯ ಪ್ರಯೋಗದ ಹೊಲಗಳಿಗೆ 1998ರಲ್ಲಿ ಬೆಂಕಿ ಹಚ್ಚಿದರು. ಚುನಾವಣೆಯಲ್ಲಿ ಮಾತ್ರ ಫಲ ಕಡಿಮೆ: ಬಾಬಾಗೌಡ ಪಾಟೀಲ, ನಂಜುಂಡಸ್ವಾಮಿ, ಕೆ.ಎಸ್. ಪುಟ್ಟಣ್ಣಯ್ಯ ಅವರಂಥ ಕೆಲವರಷ್ಟೇ ವಿಧಾನಸಭೆ ತಲುಪಿದರು. ಭೂಮಿಯಿಲ್ಲದ ಕೂಲಿಕಾರರ ಪ್ರಶ್ನೆ ಬೆಳೆಯ ಬೆಲೆಯ ಪ್ರಶ್ನೆಯಷ್ಟು ಮುನ್ನೆಲೆಗೆ ಬರಲಿಲ್ಲ. ಇದು ಸಂಘದ ನಿಜವಾದ ಕೊರತೆ. ನಾಯಕರ ಭಿನ್ನಾಭಿಪ್ರಾಯಗಳಿಂದ ಸಂಘ ಒಡೆಯಿತು. ನಂಜುಂಡಸ್ವಾಮಿ 2004ರಲ್ಲಿ ತೀರಿಕೊಂಡರು. ಇಂದು ರೈತ ಸಂಘದ ಹೆಸರಿನಲ್ಲಿ ಹಲವು ಬಣಗಳು ಬೇರೆಬೇರೆಯಾಗಿ ಕೆಲಸ ಮಾಡುತ್ತಿವೆ.