ಊರಿಗಿಂತ ಹಿರಿಯ ಕೆರೆ

ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಅಲ್ಲಿ ಕಡಲಿಲ್ಲ, ಮಣ್ಣಿನ ಏರಿ ಹಾಕಿ ಕಟ್ಟಿದ ಕೆರೆಯೇ ಆ ‘ಸಮುದ್ರ’. ಹೊಯ್ಸಳರ ರಾಜಧಾನಿಯಾಗುವ ಮೊದಲೇ, ರಾಷ್ಟ್ರಕೂಟರ ಕಾಲದಲ್ಲಿ ಅದು ನಿರ್ಮಾಣವಾಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ. ಅರಸೀಕೆರೆಗಂತೂ ಅರಸಿಯ ಕೆರೆಯೇ ಹೆಸರು ಕೊಟ್ಟಿದೆ.

ಏರಿ ನೀರನ್ನು ತಡೆದರೆ, ತೂಬು ಅದನ್ನು ಗದ್ದೆಗೆ ಬಿಡುತ್ತದೆ. ಹೆಚ್ಚಾದ ನೀರು ಕೋಡಿಯಲ್ಲಿ ಹರಿದು ಏರಿ ಉಳಿಯುತ್ತದೆ. ನಿಂತ ನೀರಿನಲ್ಲಿ ಮೀನು, ಮೀನಿಗಾಗಿ ಬೆಳ್ಳಕ್ಕಿ, ಅಂಚಿನ ಹುಲ್ಲಿಗೆ ದನಕರು. ಆದರೆ ಮಳೆನೀರಿನೊಡನೆ ಹೂಳೂ ಬರುತ್ತದೆ. ಇದನ್ನರಿತೇ ಹಿಂದಿನವರು ಕೆರೆಯ ಪಾಲನೆಗೆಂದು ಭೂಮಿ ಬಿಟ್ಟರು. ಶಾಸನಗಳ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಇಂಥ ಏರ್ಪಾಡುಗಳೇ.

1121ರ ಸುಮಾರಿಗೆ ಆರಂಭವಾದ ಹೊಯ್ಸಳೇಶ್ವರ ದೇವಾಲಯ ಕಲ್ಲಿನ ಬಲದಿಂದ ನಿಂತಿದೆ. ಅದರ ನೆರೆಯ ಕೆರೆ ಉಳಿದಿರುವುದು ಜನರ ದುಡಿಮೆಯಿಂದ. ಹೂಳೆತ್ತದೆ ಬಿಟ್ಟರೆ ‘ಸಮುದ್ರ’ವೂ ಬಯಲಾಗುತ್ತದೆ.