ಒಂದು ಸೆಕೆಂಡಿನ ಉಸಿರು: ಸಿಸ್ಟಿಕ್ ಫೈಬ್ರೋಸಿಸ್ ಮತ್ತು ಶ್ವಾಸಕೋಶ ಉಳಿಸಿಕೊಳ್ಳುವ ಕತೆ

ಎಪಿಸೋಡ್ ಶುರು ಮಾಡೋ ಮುಂಚೆ ಒಂದು ಮಾತು. ಇವತ್ತು ಮಧ್ಯೆ ಮಧ್ಯೆ ನನ್ನ ಕೆಮ್ಮು ಕೇಳಿಸುತ್ತೆ. ಬೇರೆ ದಿನ ಆಗಿದ್ರೆ ಎಡಿಟಿಂಗ್‌ನಲ್ಲಿ ಕತ್ತರಿಸಿ ಹಾಕ್ತಿದ್ವಿ. ಈ ಸಲ ಹಾಗೇ ಬಿಟ್ಟಿದ್ದೀವಿ. ಯಾಕಂದ್ರೆ ಇವತ್ತಿನ ವಿಷಯವೇ ಅದು.

ನನಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆ. ಚಿಕ್ಕದಾಗಿ ಸಿಎಫ್. ಹುಟ್ಟಿನಿಂದ ಬರೋ ಕಾಯಿಲೆ, ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಎಲ್ಲರ ಶ್ವಾಸಕೋಶದ ಒಳಗೂ ತೆಳುವಾದ ನೀರಿನಂಥ ಪದರ ಇರುತ್ತೆ. ನನ್ನಂಥವರಲ್ಲಿ ಅದು ಒಣಗಿ, ಕಫ ಗೋಂದಿನ ಹಾಗೆ ಗಟ್ಟಿಯಾಗುತ್ತೆ. ಅದರಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತೆ, ಸೋಂಕು ಮತ್ತೆ ಮತ್ತೆ ಬರುತ್ತೆ. ಪ್ರತಿ ಸೋಂಕೂ ಶ್ವಾಸಕೋಶದ ಒಂಚೂರನ್ನು ಹಾಳು ಮಾಡಿ ಹೋಗಬಹುದು. ಹಾಳಾದದ್ದು ಸಾಮಾನ್ಯವಾಗಿ ವಾಪಸ್ ಬರಲ್ಲ.

ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಒಂದು ಕೊಳವೆ ಊದ್ತೀನಿ. ತಂತ್ರಜ್ಞರು ಪಕ್ಕದಲ್ಲಿ ನಿಂತು "ಊದಿ, ಊದಿ, ಇನ್ನೂ ಊದಿ" ಅಂತ ಕೂಗ್ತಾರೆ. ಪರದೆ ಮೇಲೆ ಒಂದು ಸಂಖ್ಯೆ ಬರುತ್ತೆ. ಅದರ ಹೆಸರು ಎಫ್‌ಇವಿ-1. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬಂತು ಅನ್ನೋ ಲೆಕ್ಕ. ನನ್ನ ವಯಸ್ಸಿನ, ನನ್ನಷ್ಟೇ ಎತ್ತರದ ಆರೋಗ್ಯವಂತರ ಸರಾಸರಿಯನ್ನು 100 ಅಂತ ಇಟ್ಟುಕೊಂಡರೆ, ಕಳೆದ ವರ್ಷ ನನ್ನದು 58. ಈಗ 61. ಮೂರು ಅಂಕ. ಆ ದಿನ ಮನೆಗೆ ಬರೋವಾಗ ಮೈಸೂರು ಪಾಕ್ ತಗೊಂಡು ಬಂದೆ!

ಈ ಮೂರು ಅಂಕಕ್ಕೋಸ್ಕರ ನಾನು ದಿನಾ ಮಾಡೋ ಪ್ರತಿಯೊಂದು ಕೆಲಸಕ್ಕೂ ಹಿಂದೆ ಒಂದು ಇತಿಹಾಸ ಇದೆ. ಅದನ್ನೇ ಇವತ್ತು ಹೇಳ್ತೀನಿ.

ಮೊದಲು ಊದೋ ಯಂತ್ರ. 1840ರ ದಶಕ, ಲಂಡನ್. ಜಾನ್ ಹಚಿನ್ಸನ್ ಎಂಬ ವೈದ್ಯರು ಒಂದು ಸಾಧನ ಮಾಡಿದರು. ನೀರು ತುಂಬಿದ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಬೋರಲು. ಕೊಳವೆಯಿಂದ ಊದಿದರೆ ಒಳಗಿನ ಪಾತ್ರೆ ಮೇಲೇಳುತ್ತೆ, ಎಷ್ಟು ಎದ್ದಿತೋ ಅಷ್ಟು ಉಸಿರು. ಸ್ಪೈರೋಮೀಟರ್ ಅಂದ್ರೆ ಇಷ್ಟೇ. ಹಚಿನ್ಸನ್ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿದರು. ನಾವಿಕರು, ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಕುಸ್ತಿಪಟುಗಳು, ಬಡವರು, ಶ್ರೀಮಂತರು, ಯಾರನ್ನೂ ಬಿಡಲಿಲ್ಲ. 1846ರಲ್ಲಿ ಫಲಿತಾಂಶ ಪ್ರಕಟವಾಯಿತು. ಎತ್ತರ ಹೆಚ್ಚಿದಂತೆ ಉಸಿರಿನ ಸಾಮರ್ಥ್ಯವೂ ಹೆಚ್ಚುತ್ತೆ, ಕಾಯಿಲೆ ಬಂದರೆ ಕುಗ್ಗುತ್ತೆ ಅಂತ ತೋರಿಸಿದರು. ಆದರೆ ಅವರು ಅಳೆದದ್ದು ಒಟ್ಟು ಗಾಳಿಯನ್ನು. ಎಷ್ಟು ವೇಗವಾಗಿ ಹೊರಗೆ ಬಂತು ಅನ್ನೋದನ್ನಲ್ಲ. ಆ "ಮೊದಲ ಒಂದು ಸೆಕೆಂಡ್" ಲೆಕ್ಕಕ್ಕೆ ದಾರಿ ಮಾಡಿಕೊಟ್ಟವರು ಫ್ರಾನ್ಸಿನ ಟಿಫ್ನೊ ಮತ್ತು ಪಿನೆಲ್ಲಿ, 1947ರಲ್ಲಿ. ಅಂದರೆ ನೂರು ವರ್ಷ ಬೇಕಾಯಿತು.

ಇಲ್ಲೇ ಒಂದು ಪ್ರಶ್ನೆ. 100 ಅಂದ್ರೆ ಯಾರ 100? ಬಹಳ ವರ್ಷ ಅಮೆರಿಕದ ಯಂತ್ರಗಳಲ್ಲಿ ಕಪ್ಪು ಜನರಿಗೆ ಶೇ 10ರಿಂದ 15, ಏಷ್ಯನ್ನರಿಗೆ ಶೇ 4ರಿಂದ 6ರಷ್ಟು ಕಡಿಮೆ ಮಾಡಿ "ಇವರಿಗೆ ಇಷ್ಟೇ ಸಾಮಾನ್ಯ" ಅಂತ ಲೆಕ್ಕ ಹಾಕೋ ಪದ್ಧತಿ ಇತ್ತು. ಅದರ ಬೇರು ಗುಲಾಮಗಿರಿ ಕಾಲದ ನಂಬಿಕೆಗಳವರೆಗೂ ಹೋಗುತ್ತೆ. 2023ರಲ್ಲಷ್ಟೇ ಅಮೆರಿಕನ್ ಥೊರಾಸಿಕ್ ಸೊಸೈಟಿ ಜನಾಂಗ ನೋಡದ ಸೂತ್ರ ಬಳಸಿ ಎಂದು ಶಿಫಾರಸು ಮಾಡಿತು. ಹಾಗಾಗಿ ನನ್ನ 61 ಪವಿತ್ರ ಸಂಖ್ಯೆ ಏನಲ್ಲ. ಬೇರೆಯವರ ಜೊತೆ ಹೋಲಿಸೋಕಿಂತ, ನನ್ನ ನಿನ್ನೆಯ ಜೊತೆ ಹೋಲಿಸೋಕೆ ಅದು ಉಪಯೋಗ.

ಈಗ ಕಾಯಿಲೆಯ ಕಡೆ ಬರೋಣ.

ಯುರೋಪಿನಲ್ಲಿ ಒಂದು ಹಳೇ ಜನಪದ ನಂಬಿಕೆ ಇತ್ತು. ಮುತ್ತಿಟ್ಟಾಗ ಹಣೆ ಉಪ್ಪುಪ್ಪಾಗಿರೋ ಮಗು ಹೆಚ್ಚು ದಿನ ಬದುಕಲ್ಲ ಅಂತ. ಇದನ್ನು ಓದಿದಾಗ ಮೈ ಜುಂ ಅಂತು. ಯಾಕಂದ್ರೆ ನಮ್ಮ ಅಜ್ಜಿ ಕೂಡ ಅದನ್ನೇ ಹೇಳ್ತಿದ್ದರು. "ಈ ಕೂಸಿನ ಹಣೆ ಏನೇ ಇಷ್ಟು ಉಪ್ಪು?" ಅಂತ. ಬೇಸಿಗೆಯಲ್ಲಿ ನನ್ನ ಅಂಗಿ ಬೆನ್ನ ಮೇಲೆ ಬಿಳಿ ಬಿಳಿ ಉಪ್ಪಿನ ಗೆರೆ ಬರ್ತಿತ್ತು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೀತಿದ್ದರು. ಅಜ್ಜಿ ಗಮನಿಸಿದ್ದು ಸರಿಯಾಗೇ ಇತ್ತು. ಅದರ ಅರ್ಥ ಹೇಳೋರು ಯಾರೂ ನಮ್ಮ ಸುತ್ತ ಇರಲಿಲ್ಲ. ಒಂಬತ್ತನೇ ವಯಸ್ಸಿನವರೆಗೆ ನನಗೆ ಎರಡು ಸಲ ಟಿಬಿ ಮಾತ್ರೆ ಕೋರ್ಸ್ ಆಗಿತ್ತು. ಟಿಬಿ ಇರಲೇ ಇಲ್ಲ.

ಈ ಕಾಯಿಲೆಗೆ ಸ್ಪಷ್ಟ ರೂಪ ಕೊಟ್ಟವರು ಡೊರೊಥಿ ಆಂಡರ್ಸನ್. ಹೆಣ್ಣುಮಗಳು ಅನ್ನೋ ಕಾರಣಕ್ಕೆ ಶಸ್ತ್ರಚಿಕಿತ್ಸಕಿ ಆಗೋ ಅವಕಾಶ ಸಿಗಲಿಲ್ಲ. ಹಾಗಾಗಿ ರೋಗಶಾಸ್ತ್ರಕ್ಕೆ ಬಂದರು. ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯಲ್ಲಿ ಸತ್ತ ಮಕ್ಕಳ ದೇಹಗಳನ್ನು ಪರೀಕ್ಷೆ ಮಾಡೋದು ಅವರ ಕೆಲಸ. ಕರುಳಿನ ಕಾಯಿಲೆಯಿಂದ ಸತ್ತಿದೆ ಅಂದುಕೊಂಡಿದ್ದ ಒಂದು ಮಗುವಿನ ಮೇದೋಜೀರಕ ಗ್ರಂಥಿ ವಿಚಿತ್ರವಾಗಿತ್ತು. ಹಳೇ ಕಡತಗಳನ್ನೆಲ್ಲ ತೆಗೆದು ಹುಡುಕಿದರು. 1938ರಲ್ಲಿ 49 ಮಕ್ಕಳ ವಿವರ ಸೇರಿಸಿ ವರದಿ ಬರೆದರು. ಅಲ್ಲಿಂದ ಇದು ಪ್ರತ್ಯೇಕ ಕಾಯಿಲೆ ಅಂತ ಗುರುತಾಯಿತು. ಆಗೆಲ್ಲ ಈ ಮಕ್ಕಳಲ್ಲಿ ಹೆಚ್ಚಿನವರು ಶಾಲೆ ಮೆಟ್ಟಿಲು ಹತ್ತೋ ಮುಂಚೆಯೇ ಹೋಗಿಬಿಡ್ತಿದ್ದರು.

ಉಪ್ಪಿನ ಗುಟ್ಟು ಬಿಚ್ಚಿಕೊಂಡದ್ದು ಹತ್ತು ವರ್ಷದ ನಂತರ. 1948ರ ಬೇಸಿಗೆ, ನ್ಯೂಯಾರ್ಕಿನಲ್ಲಿ ಭಯಂಕರ ಸೆಕೆ. ಬಿಸಿಲಿಗೆ ಕುಸಿದು ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಸಿಎಫ್ ಇದ್ದವರೇ ಜಾಸ್ತಿ. ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ವೈದ್ಯರು ಈ ಸುಳಿವು ಹಿಡಿದು ಹೋದರು. ಈ ಮಕ್ಕಳ ಬೆವರಲ್ಲಿ ಉಪ್ಪು ವಿಪರೀತ ಹೋಗುತ್ತೆ ಅಂತ 1953ರಲ್ಲಿ ಪ್ರಕಟಿಸಿದರು. 1959ರಲ್ಲಿ ಗಿಬ್ಸನ್ ಮತ್ತು ಕುಕ್ ಕೈ ಮೇಲೆ ಔಷಧ ಹಚ್ಚಿ, ಸಣ್ಣ ವಿದ್ಯುತ್ ಹರಿಸಿ, ಅಷ್ಟೇ ಜಾಗದಲ್ಲಿ ಬೆವರು ಬರಿಸೋ ಸುರಕ್ಷಿತ ವಿಧಾನ ತಂದರು. ನನಗೂ ಕೊನೆಗೆ ಆದದ್ದು ಅದೇ ಪರೀಕ್ಷೆ. ಬೆವರಿನ ಕ್ಲೋರೈಡ್ 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಿಎಫ್ ಇರೋ ಸಾಧ್ಯತೆ ಬಹಳ. ನನ್ನದು 60 ದಾಟಿ ಎಲ್ಲೋ ಹೋಗಿತ್ತು. ಅಮ್ಮ ಆ ದಿನ ಅತ್ತರು. ಆಮೇಲೆ "ಸದ್ಯ, ಹೆಸರಾದರೂ ಗೊತ್ತಾಯ್ತಲ್ಲ" ಅಂದರು.

ಹೆಸರು ಗೊತ್ತಾದ ಮೇಲೆ ಮಾಡೋದೇನು? ಇಲ್ಲಿ ನನ್ನ ಇಷ್ಟದ ಅಧ್ಯಾಯ ಬರುತ್ತೆ.

1957ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಲೆರಾಯ್ ಮ್ಯಾಥ್ಯೂಸ್ ಎಂಬ ಮಕ್ಕಳ ವೈದ್ಯರು ಒಂದು ಕಾರ್ಯಕ್ರಮ ಶುರು ಮಾಡಿದರು. ಅವರ ವಾದ ಸರಳ. ಮಗು ಸೀರಿಯಸ್ ಆಗೋವರೆಗೆ ಕಾಯಬೇಡಿ. ಕಾಯಿಲೆ ಗೊತ್ತಾದ ದಿನದಿಂದಲೇ, ಚೆನ್ನಾಗಿದ್ದಾಗಲೂ, ದಿನಾ ಕಫ ತೆಗೀರಿ. ಮಗುವನ್ನು ತಲೆ ಕೆಳಗೆ ಮಾಡಿ ಮಲಗಿಸಿ, ಬೆನ್ನು ಎದೆ ತಟ್ಟಿ. ನಮ್ಮಲ್ಲಿ ಅತ್ಯಂತ ಕಡಿಮೆ ಮಕ್ಕಳು ಸಾಯ್ತಿದ್ದಾರೆ ಅಂತ ಅವರು ಹೇಳಿದಾಗ ಬಹಳ ಜನ ನಂಬಲಿಲ್ಲ. ಆಗ ಮಿನೆಸೋಟದ ವಾರೆನ್ ವಾರ್ವಿಕ್ ಎಂಬ ವೈದ್ಯರಿಗೆ ಎಲ್ಲ ಕೇಂದ್ರಗಳ ಅಂಕಿಅಂಶ ಸಂಗ್ರಹಿಸೋ ಕೆಲಸ ಸಿಕ್ಕಿತು. ಲೆಕ್ಕ ಹಾಕಿ ನೋಡಿದರೆ ಮ್ಯಾಥ್ಯೂಸ್ ಹೇಳಿದ್ದು ನಿಜ! ಅವರ ವಿಧಾನ ದೇಶಕ್ಕೆಲ್ಲ ಹರಡಿತು. ಇದೇ ವಾರ್ವಿಕ್ ಮುಂದೆ ಎದೆಯನ್ನು ನಡುಗಿಸಿ ಕಫ ಸಡಿಲಿಸೋ ಜಾಕೆಟ್ ಕೂಡ ರೂಪಿಸಿದರು.

ಆದರೆ ಮ್ಯಾಥ್ಯೂಸ್ ಹೇಳಿದ್ದೆಲ್ಲ ಸರಿ ಅಂತಲ್ಲ. ರಾತ್ರಿಯಿಡೀ ಮಕ್ಕಳನ್ನು ಮಂಜು ತುಂಬಿದ ಪ್ಲಾಸ್ಟಿಕ್ ಟೆಂಟಿನೊಳಗೆ ಮಲಗಿಸೋದು ಆ ಚಿಕಿತ್ಸೆಯ ಭಾಗವಾಗಿತ್ತು. ತೇವದಿಂದ ಕಫ ಕರಗುತ್ತೆ ಅಂತ ನಂಬಿಕೆ. ಎಷ್ಟೋ ಮಕ್ಕಳು ಒದ್ದೆ ಹಾಸಿಗೆಯಲ್ಲೇ ಬೆಳೆದರು. 1970ರ ದಶಕದಲ್ಲಿ ಸರಿಯಾಗಿ ಅಳೆದು ನೋಡಿದಾಗ ಅದರಿಂದ ಪ್ರಯೋಜನ ಕಾಣಲಿಲ್ಲ. ಟೆಂಟ್ ಮೂಲೆಗೆ ಹೋಯಿತು. ಯಾರಾದರೂ ವಾಟ್ಸಾಪಲ್ಲಿ "ಈ ಕಷಾಯ ಕುಡಿ, ಶ್ವಾಸಕೋಶ ಕ್ಲೀನ್ ಆಗುತ್ತೆ" ಅಂತ ಕಳಿಸಿದಾಗೆಲ್ಲ ನನಗೆ ಈ ಟೆಂಟ್ ನೆನಪಾಗುತ್ತೆ. ಒಳ್ಳೇ ಮನಸ್ಸಿನಿಂದ ಹೇಳಿದ್ದೂ ತಪ್ಪಿರಬಹುದು. ಅಳೆದು ನೋಡೋವರೆಗೆ ಗೊತ್ತಾಗಲ್ಲ.

ನನ್ನ ಬಾಲ್ಯದ ಬೆಳಗ್ಗೆಗಳು ಹೀಗೇ ಇದ್ದವು. ಅಮ್ಮ ಅಂಗೈಯನ್ನು ಬಟ್ಟಲು ಮಾಡಿಕೊಂಡು ಬೆನ್ನು ತಟ್ಟೋದು, ನಾನು ಕೆಮ್ಮಿ ಉಗಿಯೋದು. ಆಮೇಲೆ ಅಡುಗೆಮನೆಯಲ್ಲಿ ಒಗ್ಗರಣೆ. ಈಗ ನಾನು ಬೇರೆ ಊರಲ್ಲಿದ್ದೀನಿ, ಬೆನ್ನು ತಟ್ಟೋಕೆ ಯಾರೂ ಇಲ್ಲ. ಅದಕ್ಕೂ ಇತಿಹಾಸದಲ್ಲಿ ಉತ್ತರ ಸಿಕ್ಕಿತು. 1960ರ ದಶಕದಲ್ಲಿ ಬೆಲ್ಜಿಯಂನ ಜಾನ್ ಶೆವಲಿಯೇ ಎಂಬ ಫಿಸಿಯೋಥೆರಪಿಸ್ಟ್, ಇನ್ನೊಬ್ಬರ ಸಹಾಯವಿಲ್ಲದೆ, ಬರೀ ಉಸಿರಾಟದ ಮಟ್ಟ ಬದಲಿಸಿ ಕಫವನ್ನು ಮೇಲೆ ತರೋ ವಿಧಾನ ರೂಪಿಸಿದರು. ಮೊದಲು ಸಣ್ಣ ಉಸಿರು, ಆಮೇಲೆ ಮಧ್ಯಮ, ಆಮೇಲೆ ದೊಡ್ಡದು. ನಮ್ಮ ಫಿಸಿಯೋ ಮೇಡಂ ಇದನ್ನು ಕಲಿಸೋಕೆ ಎರಡು ತಿಂಗಳು ತಗೊಂಡರು. ನನಗೆ ನಿಜವಾದ ಸ್ವಾತಂತ್ರ್ಯ ಸಿಕ್ಕಿದ್ದು ಆಗಲೇ.

ಇನ್ನು ಉಪ್ಪುನೀರು. ಆಸ್ಟ್ರೇಲಿಯಾದಲ್ಲಿ ಸಮುದ್ರದಲ್ಲಿ ಸರ್ಫಿಂಗ್ ಮಾಡೋ ಸಿಎಫ್ ರೋಗಿಗಳು ಉಳಿದವರಿಗಿಂತ ಚೆನ್ನಾಗಿದ್ದಾರೆ ಅಂತ ವೈದ್ಯರು ಗಮನಿಸಿದರು. ಆ ಸುಳಿವು ಪ್ರಯೋಗದವರೆಗೆ ಹೋಯಿತು. 164 ಜನ, 48 ವಾರ, ದಿನಕ್ಕೆರಡು ಸಲ ಶೇ 7ರ ಉಪ್ಪುನೀರಿನ ಆವಿ. 2006ರಲ್ಲಿ ಫಲಿತಾಂಶ ಬಂತು. ಎಫ್‌ಇವಿ-1 ಸ್ವಲ್ಪವೇ ಏರಿತ್ತು. ಆದರೆ ಕಾಯಿಲೆ ಉಲ್ಬಣಿಸೋದು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ನನ್ನ ಪಾಲಿಗೆ ಇದೇ ದೊಡ್ಡ ಪಾಠ. ಶ್ವಾಸಕೋಶ ಸುಧಾರಿಸೋದು ಅಂದ್ರೆ ನಂಬರ್ ಏರಿಸೋದಷ್ಟೇ ಅಲ್ಲ, ಇಳಿಯದಂತೆ ಹಿಡಿಯೋದು. ಹುಟ್ಟಿನಿಂದ ಮೈಯಿಂದ ಉಪ್ಪು ಸೋರಿಸಿಕೊಂಡವರು ಉಪ್ಪನ್ನೇ ಸೇದಿ ಉಸಿರಾಡ್ತೀವಿ, ನೋಡಿ.

ಈ ಇತಿಹಾಸದಲ್ಲಿ ನನಗೆ ಅತಿ ಬೇಸರ ತರೋ ಭಾಗವೂ ಒಂದಿದೆ. ಅಮೆರಿಕದಲ್ಲಿ ಸಿಎಫ್ ಮಕ್ಕಳಿಗೆ ಬೇಸಿಗೆ ಶಿಬಿರಗಳು ನಡೀತಿದ್ದವು. ತಮ್ಮಂತೆಯೇ ಕೆಮ್ಮೋ ಗೆಳೆಯರು ಸಿಗೋ ಜಾಗ. ಆದರೆ 80, 90ರ ದಶಕದಲ್ಲಿ ಬರ್ಕೋಲ್ಡೇರಿಯಾ ಸೆಪೇಷಿಯಾ ಎಂಬ ಬ್ಯಾಕ್ಟೀರಿಯಾ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹರಡಿ ಜೀವ ತೆಗೆಯುತ್ತೆ ಅಂತ ಗೊತ್ತಾಯಿತು. ಶಿಬಿರಗಳು ನಿಂತವು. ಇವತ್ತಿಗೂ ಸಿಎಫ್ ಇರೋ ಇಬ್ಬರು ಕನಿಷ್ಠ ಆರು ಅಡಿ ದೂರ ಇರಬೇಕು. ನನ್ನ ಅತ್ಯಂತ ಆಪ್ತ ಗೆಳತಿಗೂ ಸಿಎಫ್ ಇದೆ. ಆರು ವರ್ಷದ ಸ್ನೇಹ, ಎಲ್ಲವೂ ವಿಡಿಯೋ ಕಾಲ್‌ನಲ್ಲೇ. ಅವಳನ್ನು ಒಂದು ಸಲವೂ ತಬ್ಬಿಕೊಂಡಿಲ್ಲ.

1989ಕ್ಕೆ ಬರೋಣ. ಲ್ಯಾಪ್-ಚೀ ಟ್ಸುಯ್, ಜಾಕ್ ರಿಯೋರ್ಡನ್, ಫ್ರಾನ್ಸಿಸ್ ಕಾಲಿನ್ಸ್ ಮತ್ತು ಅವರ ತಂಡಗಳು ಏಳನೇ ಕ್ರೋಮೋಸೋಮಿನಲ್ಲಿ ಸಿಎಫ್ ಜೀನ್ ಪತ್ತೆ ಮಾಡಿದವು. ಅತಿ ಸಾಮಾನ್ಯ ದೋಷದಲ್ಲಿ ಕಾಣೆಯಾಗಿರೋದು ಬರೀ ಮೂರು ಅಕ್ಷರ. ಅದಕ್ಕೆ ಎಫ್508ಡೆಲ್ ಅಂತ ಹೆಸರು. ತಂದೆ ತಾಯಿ ಇಬ್ಬರಿಂದಲೂ ದೋಷವಿರೋ ಪ್ರತಿ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ನಮ್ಮ ಅಪ್ಪ-ಅಮ್ಮನದು ಸೋದರ ಸಂಬಂಧದಲ್ಲೇ ಆದ ಮದುವೆ, ನನಗೆ ಎರಡೂ ಕಡೆಯಿಂದ ಇದೇ ದೋಷ ಬಂದಿದೆ. ಭಾರತದಲ್ಲಿ ಈ ದೋಷದ ಪಾಲು ಯುರೋಪಿಗಿಂತ ಕಡಿಮೆ, ಬೇರೆ ದೋಷಗಳೇ ಹೆಚ್ಚು. ಇದು ಬಿಳಿಯರ ಕಾಯಿಲೆ ಅಂತ ನಮ್ಮಲ್ಲಿ ಬಹಳ ಕಾಲ ಅಂದುಕೊಂಡಿದ್ದರಿಂದ ಹುಡುಕೋರೂ ಕಡಿಮೆ ಇದ್ದರು. ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿಯಂಥ ಕಡೆ ಹುಡುಕಿದ ಮೇಲೆ ಸಿಗತೊಡಗಿತು.

2019ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಟ್ರೈಕಾಫ್ಟಾ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಕಫ ಅಲ್ಲ, ಅದರ ಹಿಂದಿನ ಕೆಟ್ಟ ಪ್ರೊಟೀನನ್ನೇ ಸರಿ ಮಾಡೋ ಮದ್ದು. ಪ್ರಯೋಗದಲ್ಲಿ ಎಫ್‌ಇವಿ-1 ಸುಮಾರು 14 ಅಂಕ ಏರಿತು. ಹದಿನಾಲ್ಕು! ನಾನು ಒಂದು ವರ್ಷ ಬೆವರು ಸುರಿಸಿ ಗಳಿಸಿದ್ದು ಮೂರು. ಅದೇ ಎಫ್508ಡೆಲ್ ಇರೋದರಿಂದ ನನಗೂ ಆ ಮಾತ್ರೆ ಕೆಲಸ ಮಾಡೋ ಸಾಧ್ಯತೆ ದೊಡ್ಡದು. ಬೆಲೆ? ಬಿಡುಗಡೆಯಾದಾಗ ವರ್ಷಕ್ಕೆ 3,11,000 ಡಾಲರ್. ಆಗಿನ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿಗೂ ಹೆಚ್ಚು, ಅದೂ ಪ್ರತಿ ವರ್ಷ. ಅರ್ಜೆಂಟೀನಾದ ಒಂದು ಕಂಪನಿ ಇದರ ಜೆನೆರಿಕ್ ಮಾಡುತ್ತೆ. 2023ರಲ್ಲಿ ಭಾರತವೂ ಸೇರಿ ನಾಲ್ಕು ದೇಶಗಳಲ್ಲಿ ರೋಗಿಗಳ ಕುಟುಂಬಗಳು ಪೇಟೆಂಟ್ ವಿಷಯದಲ್ಲಿ ಕಾನೂನಿನ ಬಾಗಿಲು ತಟ್ಟಿದವು. ಅಮ್ಮ ಬೆನ್ನು ತಟ್ಟಿ ಉಳಿಸಿದ ಶ್ವಾಸಕೋಶವನ್ನು ಆ ಮಾತ್ರೆ ಕೈಗೆ ಸಿಗೋವರೆಗೆ ಕಾಪಾಡಿಕೊಳ್ಳಬೇಕು. ಸದ್ಯಕ್ಕೆ ನನ್ನ ಕೆಲಸ ಅದು.

ಅದಕ್ಕೇ ಬೆಳಗ್ಗೆ ಆರಕ್ಕೆ ಏಳ್ತೀನಿ. ಉಪ್ಪುನೀರು, ಉಸಿರಾಟ, ಕೆಮ್ಮು, ಆಮೇಲೆ ಅರ್ಧ ಗಂಟೆ ಸೈಕಲ್. ಕೆಲವು ದಿನ ತಪ್ಪಿಸ್ತೀನಿ, ಸುಳ್ಳು ಹೇಳಲ್ಲ. ತಪ್ಪಿಸಿದ ದಿನ ಅಮ್ಮ ಫೋನಿನಲ್ಲಿ ನನ್ನ ಕೆಮ್ಮು ಕೇಳಿಯೇ ಕಂಡುಹಿಡೀತಾರೆ. ಸ್ಪೈರೋಮೀಟರಿಗಿಂತ ಅವರ ಕಿವಿ ಚುರುಕು.

ಒಂದು ಕೋರಿಕೆ. ಇದು ವೈದ್ಯಕೀಯ ಸಲಹೆ ಅಲ್ಲ, ಚಿಕಿತ್ಸೆ ಬದಲಿಸೋ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಆದರೆ ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ತೂಕ ಏರದ, ಕೆಮ್ಮು ನಿಲ್ಲದ, ಬೆವರು ವಿಪರೀತ ಉಪ್ಪಾಗಿರೋ ಮಗು ಇದ್ದರೆ, ಬೆವರು ಪರೀಕ್ಷೆ ಬೇಕಾ ಅಂತ ಒಂದು ಸಲ ಕೇಳಿ. ನಮ್ಮ ಅಜ್ಜಿಗೆ ಆ ಪ್ರಶ್ನೆ ಗೊತ್ತಿರಲಿಲ್ಲ. ನಿಮಗೆ ಈಗ ಗೊತ್ತಲ್ಲ.

ಮುಂದಿನ ವಾರ ಸಿಗೋಣ. ನಮಸ್ಕಾರ.