'ಪ್ರತಿನಿಧಿ' ಅಂದರೆ ಯಾರು? ಒಂದು ಹುದ್ದೆಯ ಹೆಸರಿನ ಹಿಂದಿನ ಕಥೆ

ತ್ಯಾಗರಾಜನಗರದಲ್ಲಿ ನಾನಿರುವ ಪಿಜಿಯ ಕೆಳಗೆ ಒಂದು ಜೆರಾಕ್ಸ್ ಅಂಗಡಿಯಿದೆ. ಕಳೆದ ವಾರ ನಮ್ಮ ಕೋರ್ಸಿನ ಜೂನಿಯರ್ ಹುಡುಗನೊಬ್ಬ ಅಲ್ಲಿ ರೆಸ್ಯೂಮೆ ಟೈಪ್ ಮಾಡಿಸುತ್ತಿದ್ದ. "ಅಕ್ಕಾ, ಹುದ್ದೆ ಅಂತ ಇರೋ ಕಡೆ ಏನು ಬರೆಸ್ಲಿ?" ಎಂದು ಕೇಳಿದ.

ಮೂರು ವರ್ಷ ತಾಲ್ಲೂಕು ಕೇಂದ್ರದಲ್ಲಿ ಒಂದು ಪತ್ರಿಕೆಗೆ ದುಡಿದಿದ್ದಾನೆ. ಸುದ್ದಿ ಕಳಿಸಿದ್ದಾನೆ, ಫೋಟೊ ತೆಗೆದಿದ್ದಾನೆ, ಹಬ್ಬ ಬಂದಾಗ ಜಾಹೀರಾತು ತಂದಿದ್ದಾನೆ, ಹುಡುಗರು ಬಾರದ ದಿನ ಮನೆಮನೆಗೆ ಪೇಪರನ್ನೂ ಹಾಕಿದ್ದಾನೆ. ನೇಮಕಾತಿ ಪತ್ರ ಇಲ್ಲ. ಗುರುತಿನ ಚೀಟಿಯಲ್ಲಿ ಇರುವುದು ಒಂದೇ ಪದ: ಪ್ರತಿನಿಧಿ.

"ಸೀನಿಯರ್ ರಿಪೋರ್ಟರ್ ಅಂತ ಹಾಕ್ಲಾ? ಯಾರು ನೋಡ್ತಾರೆ ಬಿಡಿ" ಎಂದರು ಅಂಗಡಿಯವರು.

ಈ ಗೊಂದಲ ಕನ್ನಡ ಪತ್ರಿಕೆಗಳಷ್ಟೇ ಹಳೆಯದು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿ. ಮೈಸೂರಿನಲ್ಲಿ 'ವೃತ್ತಾಂತ ಚಿಂತಾಮಣಿ', 'ಸಾಧ್ವಿ' ನಡೆಸಿದ ತಾತಯ್ಯ, ಅಂದರೆ ಎಂ. ವೆಂಕಟಕೃಷ್ಣಯ್ಯನವರು, ಮರಿಮಲ್ಲಪ್ಪ ಶಾಲೆಯ ಮೇಷ್ಟ್ರು. ಪತ್ರಿಕೆಯ ಕೆಲಸ ಆಗ ಇನ್ನೊಂದು ಕೆಲಸದ ಜೊತೆಗಿನ ಕೆಲಸವಾಗಿತ್ತು. ಅದಕ್ಕೆ ಹುದ್ದೆಯ ಹೆಸರು ಬೇಕೆಂದು ಯಾರಿಗೂ ಅನಿಸಿರಲಿಕ್ಕಿಲ್ಲ.

ನಮ್ಮ ಬಡಾವಣೆಗೆ ಹೊಂದಿಕೊಂಡ ಎನ್.ಆರ್. ಕಾಲೊನಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. 1945ರಲ್ಲಿ ಅದನ್ನು ಕಟ್ಟಿದವರು ಡಿ.ವಿ.ಜಿ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಅವರು ಮೆಟ್ರಿಕ್ ದಾಟಲಿಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯಲ್ಲಿ ದುಡಿದರು, ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಹಾಕುವ ಕಡೆ ಸೇರಿದರು. ಆಮೇಲೆ ಪತ್ರಿಕೆಗಳಿಗೆ ಬಂದರು. 1908ರಲ್ಲಿ ಮೈಸೂರು ಸರ್ಕಾರ, ಪತ್ರಿಕೆ ನಡೆಸಲು ತನ್ನ ಅನುಮತಿ ಬೇಕೆಂಬ ಕಾನೂನು ತಂದಾಗ ಹಲವು ಪತ್ರಿಕೆಗಳು ನಿಂತುಹೋದವು. 1913ರಲ್ಲಿ ಅವರೇ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು. ಈ ರೆಸ್ಯೂಮೆ ಇವತ್ತು ಯಾವುದಾದರೂ ಎಚ್.ಆರ್. ಮೇಜಿಗೆ ಬಂದರೆ ಎರಡನೇ ಸಾಲಿಗೇ ಪಕ್ಕಕ್ಕೆ ಹೋಗುತ್ತಿತ್ತೇನೋ!

ಹುದ್ದೆ ಅಂದರೇನು ಎಂದು ಮೊದಲು ಕೇಳಬೇಕಾಗಿ ಬಂದದ್ದು ಕಾನೂನಿಗೆ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಗೆ 1922ರಲ್ಲಿ ತಿದ್ದುಪಡಿಯಾಗಿ, ಪತ್ರಿಕೆಯಲ್ಲಿ ಸಂಪಾದಕನ ಹೆಸರು ಅಚ್ಚಾಗಲೇಬೇಕು ಎಂದಾಯಿತು. ಸಂಪಾದಕ ಯಾರು? ಪತ್ರಿಕೆಯಲ್ಲಿ ಏನು ಬರಬೇಕೆಂದು ಆಯ್ಕೆ ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರು. ನೋಡಿ, ಕಾನೂನು ಬಿರುದು ಕೇಳಲಿಲ್ಲ, ಕೆಲಸ ಕೇಳಿತು.

ಮೊದಲ ಪತ್ರಿಕಾ ಆಯೋಗದ ವರದಿಯ ನಂತರ ಬಂದ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯ ದಾರಿಯೂ ಇದೇ ಆಗಿತ್ತು. ಅದರ ಪಟ್ಟಿಯಲ್ಲಿ ಸಂಪಾದಕ, ಉಪಸಂಪಾದಕ, ವರದಿಗಾರ, ಬಾತ್ಮೀದಾರ, ವ್ಯಂಗ್ಯಚಿತ್ರಕಾರ, ಕರಡು ತಿದ್ದುವವರೂ ಇದ್ದರು. ಮುಖ್ಯವಾಗಿ ಆಡಳಿತದ ಕೆಲಸ ಮಾಡುವವರು ಇರಲಿಲ್ಲ. ಆದರೆ ಅಲ್ಲೇ ಒಂದು ಷರತ್ತು: ಪತ್ರಿಕೋದ್ಯಮವೇ ಅವರ ಮುಖ್ಯ ಕಸುಬಾಗಿರಬೇಕಿತ್ತು.

ನಮ್ಮ ಹಳ್ಳಿಗಾಡಿನ ಹುಡುಗರು ಎಡವುವುದು ಇಲ್ಲೇ. ಸಿಗುವ ಗೌರವಧನದಲ್ಲಿ ಸಂಸಾರ ನಡೆಯುವುದಿಲ್ಲ. ಆದ್ದರಿಂದ ಹೊಲವೋ ಅಂಗಡಿಯೋ ಟ್ಯೂಷನ್ನೋ ಜೊತೆಗಿರುತ್ತದೆ. ಜೊತೆಗೆ ಇನ್ನೊಂದು ಇದೆ ಎಂಬ ಕಾರಣಕ್ಕೆ ಇದು ಕಸುಬೇ ಅಲ್ಲ ಎನಿಸಿಕೊಳ್ಳುವ ಅಪಾಯವೂ ಬರುತ್ತದೆ. 'ಪ್ರತಿನಿಧಿ' ಎಂಬ ಪದ ಸುದ್ದಿಗೂ ಆಗುತ್ತದೆ, ಜಾಹೀರಾತಿಗೂ ಆಗುತ್ತದೆ, ಏಜೆನ್ಸಿಗೂ ಆಗುತ್ತದೆ. ಅನುಕೂಲ ಪತ್ರಿಕೆಗೆ, ನಷ್ಟ ಹುಡುಗನಿಗೆ.

ಹಾಗಾದರೆ ಏನು ಬರೆಯಬೇಕು? ಚರಿತ್ರೆ ಹೇಳುವುದನ್ನೇ ಮಾಡೋಣ ಎಂದೆ. ಚೀಟಿಯಲ್ಲಿದ್ದಂತೆ 'ಪ್ರತಿನಿಧಿ' ಎಂದೇ ಹಾಕಿಸಿದೆವು. ಸುಳ್ಳು ಹುದ್ದೆ ಹಾಕಿದರೆ ಪತ್ರಿಕೆಯ ಕಚೇರಿಗೆ ಹೋಗುವ ಒಂದು ಫೋನಿನಲ್ಲಿ ಮೂರು ವರ್ಷದ ನಿಜವೂ ಸುಳ್ಳಾಗಿಬಿಡುತ್ತದೆ. ಅದರ ಪಕ್ಕದಲ್ಲೇ 'ತಾಲ್ಲೂಕು ವರದಿಗಾರಿಕೆ' ಎಂದು ಕೆಲಸದ ಹೆಸರು. ಕೆಳಗೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ತಾಲ್ಲೂಕು, ಯಾವ ವಿಷಯಗಳ ವರದಿ: ಗ್ರಾಮ ಪಂಚಾಯಿತಿ, ಎಪಿಎಂಸಿ, ಕೆರೆ, ಶಾಲೆ. ಅವನ ಹೆಸರಿನಲ್ಲೇ ಅಚ್ಚಾದ ಐದು ವರದಿಗಳ ದಿನಾಂಕ. ಜಾಹೀರಾತಿನ ಕೆಲಸವನ್ನು ಮುಚ್ಚಿಡಲಿಲ್ಲ, ಕೊನೆಯ ಸಾಲಿನಲ್ಲಿಟ್ಟೆವು.

ದಿನಾಂಕಗಳು ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಅಲ್ಲಿಂದಲೇ ಊರಿಗೆ ಫೋನ್ ಮಾಡಿದ. ಕಟಿಂಗುಗಳನ್ನೆಲ್ಲ ಅವನವ್ವ ಟ್ರಂಕಿನಲ್ಲಿ ಎತ್ತಿಟ್ಟಿದ್ದರಂತೆ.